ನಮ್ಮ ಶಾಲೆಗೆ ಸಂಶೋಧಕರು ಬರಬೇಕೇ?

ಜನಾಂಗ, ಭಾಷೆ, ವಲಸೆ ಇವು ಮಕ್ಕಳ ಕಲಿಕೆಯನ್ನು ಹೇಗೆ ತಟ್ಟುತ್ತವೆ ಎಂಬ ಅಧ್ಯಯನಕ್ಕೆ ಕೇರಳದ ಕಾಸರಗೋಡಿನ ಕನ್ನಡ ಶಾಲೆಗಳು ಬಾಗಿಲು ತೆರೆಯಬೇಕೇ?

ಪರ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ಮೂಲದ ಸುಮಾರು 1,800 ಮಕ್ಕಳು ಇಂಗ್ಲಿಷ್ ಬಾರದೆ, ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕೂರುತ್ತಿದ್ದರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ ಕೊಟ್ಟ ಮಾತ್ರಕ್ಕೆ ಸಮಾನತೆಯಾಗದು ಎಂದು 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾದಾಗಲೆಲ್ಲ ನಮ್ಮ ಹೆತ್ತವರು ಶಾಲೆಯ ಗೇಟಿನಲ್ಲಿ ನಿಂತು ಹೇಳುತ್ತ ಬಂದದ್ದೂ ಇದನ್ನೇ. ಅಮೆರಿಕದಲ್ಲಿ ಲೆಕ್ಕವಿತ್ತು, ನಮ್ಮ ಕೈಯಲ್ಲಿ ಮನವಿಪತ್ರದ ಕಟ್ಟು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಮಗು ಪಾಠದಲ್ಲಿ ಎಲ್ಲಿ ಎಡವಿತು ಎಂದು ತೋರಿಸಲು ಬರೀ ಕೂಗು ಸಾಲದು.

ಇನ್ನು ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು. ನಡುವರ್ಷ ಊರಿಗೆ ಹೋದರೆ ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೆರೆ ಬೀಳುತ್ತದೆ. ಆಮೇಲೆ ಎಲ್ಲಿ ಕಲಿತರು? ಕೇಂದ್ರೀಯ ವಿಶ್ವವಿದ್ಯಾಲಯ ಪೆರಿಯದಲ್ಲೇ ಇದೆಯಲ್ಲ, ಬಂದು ಕೇಳಲಿ.

ವಿರೋಧ

ವರದಿ ಇಲ್ಲದ್ದಕ್ಕೇ ನಮಗೆ ನ್ಯಾಯ ತಪ್ಪಿತೇ? ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ತಕರಾರು ನೋಡಲು ನೇಮಿಸಿದ ಮಹಾಜನ್ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಏನಾಯಿತೆಂದು ಮಂಜೇಶ್ವರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ವಲಸಿಗರ ಅಳತೆಗೋಲು ನಮಗೆ ಹೊಂದುವುದೂ ಇಲ್ಲ. ನಾವು ಎಲ್ಲಿಂದಲೂ ಬಂದವರಲ್ಲ. 1956ರ ನವೆಂಬರ್ 1ರಂದು ಕೂತಲ್ಲೇ ಕೂತಿದ್ದೆವು, ರಾಜ್ಯ ಬದಲಾಯಿತು.

ಪ್ರಶ್ನಾವಳಿ ನೋಡಿ. ಮಾತೃಭಾಷೆ ಎಂಬಲ್ಲಿ ಒಂದೇ ಗೆರೆ. ಮನೆಯಲ್ಲಿ ತುಳು, ನೆರೆಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಹುಡುಗಿ ಅಲ್ಲಿ ಏನು ಬರೆಯಬೇಕು? ಟೀಚರ ಮುಖ ನೋಡುತ್ತಾಳೆ. ಟೀಚರಿಗೋ ಬೇರೆ ಚಿಂತೆ: ಕನ್ನಡದ ಮಕ್ಕಳು ಕಡಿಮೆಯಾದರೆ ತರಗತಿಯ ಒಂದು ಡಿವಿಷನ್ (ವಿಭಾಗ) ಹೋಗುತ್ತದೆ, ಜತೆಗೆ ಹುದ್ದೆಯೂ. (ಅವರನ್ನು ದೂರುವಂತಿಲ್ಲ, ಹೊಟ್ಟೆಪಾಡು.) ಹುಡುಗಿ ‘ಕನ್ನಡ’ ಎಂದು ಬರೆಯುತ್ತಾಳೆ. ಅದೇ ಮುಂದೆ ಅಂಕಿಅಂಶ. ಅವಳಿಗೆ ಕನ್ನಡವೂ ಒಂದನೇ ತರಗತಿಯಲ್ಲಿ ಹೊಸದೇ ಆಗಿತ್ತು ಎಂಬುದು ಆ ಗೆರೆಯ ಮೇಲೆ ಹಿಡಿಸುವುದಿಲ್ಲ.

ಒಂದು ಮಳೆಗಾಲ ಪೂರ್ತಿ ಇದ್ದು, ತುಳುವಿನಲ್ಲಿ ಕೇಳುವವರು ಬಂದರೆ ನನ್ನ ತಕರಾರಿಲ್ಲ. ಈಗ ಬರುವವರು ಮಧ್ಯಾಹ್ನದೊಳಗೆ ಮುಗಿಸಿ, ಮಕ್ಕಳ ಜತೆ ಫೋಟೊ ತೆಗೆದು ಹೊರಡುತ್ತಾರೆ. ಪ್ರಬಂಧದ ಒಂದು ಪ್ರತಿಯಾದರೂ ಶಾಲೆಗೆ ಬಂದದ್ದನ್ನು ನಾನು ಕಂಡಿಲ್ಲ. ಬಂದರೂ ಅದು ಇಂಗ್ಲಿಷಿನಲ್ಲಿರುತ್ತದೆ.