ಸಖಿ ಕೇಂದ್ರಕ್ಕೆ ಹೋದರೆ ಕೇಸ್ ಆಗಿಯೇ ಬಿಡುತ್ತದಾ?

ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರದ ಮೆಟ್ಟಿಲು ಹತ್ತಿದರೆ ಗಂಡನ ಮೇಲೆ ತಕ್ಷಣ ಪೊಲೀಸ್ ಕೇಸ್ ಬೀಳುತ್ತದೆ ಎಂಬ ಮೆಸೇಜ್ ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆ ಉಳಿಯಲಿ ಎಂಬ ಕಾಳಜಿಯಿಂದಲೇ ಹಂಚುತ್ತಾರೆ. ಆದರೆ ಮಾತು ಸರಿಯಲ್ಲ.

ಅಲ್ಲಿನ ಸಮಾಜ ಕಾರ್ಯಕರ್ತೆ ಮೊದಲು ಮಾಡುವುದು ಕೂತು ಕೇಳುವುದು. ಆಮೇಲೆ ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವು, ಕೆಲವು ದಿನ ತಂಗಲು ಜಾಗ, ಯಾವುದು ಬೇಕೋ ಅದು. ಎಫ್‌ಐಆರ್ ಇಲ್ಲದೆಯೂ ಸಹಾಯ ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೂ ಗಂಡನ ಮನೆಯಲ್ಲೇ ಉಳಿಯುವ ಹಕ್ಕನ್ನು ಕೊಡುತ್ತದೆ. ಮನೆ ಮುರಿಯುವ ಮಾತು ಎಲ್ಲಿಂದ ಬಂತು? (18 ತುಂಬದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಬೇರೆ ವಿಷಯ. ಅದನ್ನು ಪೊಲೀಸರಿಗೆ ತಿಳಿಸಲೇಬೇಕು.)

ಇಂಥ ಮೆಸೇಜ್ ಬಂದರೆ ಕಾಯ್ದೆಯ ಹೆಸರು, ಸೆಕ್ಷನ್ ಇದೆಯಾ ನೋಡಿ. ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆಯನ್ನೇ ಓದಬಹುದು. ಅದಕ್ಕಿಂತ ಸುಲಭ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಸುಮ್ನೆ ವಿಚಾರಿಸುವುದು.