ಕೋರ್ಟು ಹೇಳಿದರೂ ಮಾವ ಬಿಡಬೇಕಲ್ಲ

"ಕೋರ್ಟು ಏನೋ ಹೇಳ್ತದೆ ಮಾರಾಯ. ಮಗು ಇರೋದು ನಮ್ಮನೇಲಿ." ನನ್ನ ದೊಡ್ಡಮ್ಮನ ಮಗನಿಗೆ ಅವನ ಹೆಂಡತಿಯ ಅಣ್ಣ ಹೇಳಿದ ಮಾತಿದು. ಶಿವಮೊಗ್ಗದ ಕೋರ್ಟಿನ ವರಾಂಡದಲ್ಲಿ, ನನ್ನೆದುರೇ. ಸಿಟ್ಟಿನಿಂದಲ್ಲ, ಅಡಿಕೆ ರೇಟು ಹೇಳುವಷ್ಟು ತಣ್ಣಗೆ.

ನನ್ನ ಈ ತಮ್ಮನಿಗೆ ಡೈವೋರ್ಸ್ ಆಗಿದೆ, ಮಗಳು ತಾಯಿ ಹತ್ತಿರ. ತಿಂಗಳಿಗೆ ಎರಡು ಶನಿವಾರ, ಒಂದೊಂದು ಗಂಟೆ, ಕೋರ್ಟಿನೊಳಗೇ ಮಗಳ ಭೇಟಿ. ಅದಕ್ಕೆ ಅವನು ತೀರ್ಥಹಳ್ಳಿಯಿಂದ ಮಂಡಗದ್ದೆ ಮೇಲೆ 60 ಕಿಲೋಮೀಟರ್ ಬಸ್ಸಿನಲ್ಲಿ ಬರುತ್ತಾನೆ. ಅವತ್ತು ಹಲಸಿನ ಹಪ್ಪಳ ಕರಿದು ಡಬ್ಬಿಯಲ್ಲಿ ತಂದಿದ್ದ. ಏಳು ವರ್ಷದ ಮಗಳು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಮಾವನ ಕಡೆ ತಿರುಗಿ "ತಗೊಳ್ಳಲಾ?" ಅಂದಳು. ಅಪ್ಪ ಕೊಡುವ ಹಪ್ಪಳಕ್ಕೆ!

ನಾನಿರುವುದು ಮ್ಯಾಂಚೆಸ್ಟರಿನಲ್ಲಿ. ನನ್ನ ಆಫೀಸಿನ ಒಬ್ಬನಿಗೂ ಡೈವೋರ್ಸ್ ಆಗಿದೆ. ಗಂಡ ಹೆಂಡತಿ ಮುಖ ಕೊಟ್ಟು ಮಾತಾಡುವುದಿಲ್ಲ. ಆದರೂ ಒಂದು ವಾರ ಬಿಟ್ಟು ಒಂದು ವಾರ, ಶುಕ್ರವಾರ ಸಂಜೆ ಅವನು ಶಾಲೆಯಿಂದಲೇ ಮಗನನ್ನು ಕರಕೊಂಡು ಹೋಗುತ್ತಾನೆ. ಬ್ಯಾಗಿನಲ್ಲಿ ಹೋಂವರ್ಕ್, ಇನ್‌ಹೇಲರ್, ಫುಟ್‌ಬಾಲ್ ಶೂ ಎಲ್ಲ ಅಮ್ಮ ಇಟ್ಟಿರುತ್ತಾಳೆ. ಅಜ್ಜ, ಮಾವ, ಅತ್ತೆ ಯಾರೂ ನಡುವೆ ಬರುವುದಿಲ್ಲ. ಆದೇಶಕ್ಕೆ ಮುಂಚೆ ಕ್ಯಾಫ್‌ಕ್ಯಾಸ್ ಅನ್ನುವ ಸರ್ಕಾರಿ ಸಂಸ್ಥೆಯವರು ಹುಡುಗನ ಜೊತೆ ಪ್ರತ್ಯೇಕ ಕೂತು ಮಾತಾಡಿದ್ದರಂತೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 1956ರ ಹಿಂದೂ ಪಾಲಕತ್ವದ ಕಾಯ್ದೆಯೇ ಮಗುವಿನ ಹಿತ ಎಲ್ಲಕ್ಕಿಂತ ದೊಡ್ಡದು ಅನ್ನುತ್ತದೆ. ಮಗು ಯಾರ ಹತ್ತಿರ ಇಲ್ಲವೋ ಅವರಿಗೆ ದಿನಾ ಐದು-ಹತ್ತು ನಿಮಿಷ ಮಾತಾಡುವ ಹಕ್ಕು ಇರಬೇಕು, ವಿಡಿಯೋ ಕಾಲ್ ಆದರೆ ಇನ್ನೂ ಒಳ್ಳೆಯದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮ್ಮನಿಗೂ ಅಂಥ ಆದೇಶ ಸಿಕ್ಕಿದೆ. ಆದರೆ ಮಗು ಇರುವ ಹೊಸನಗರದ ಆ ಕಡೆ, ಮಳೆಗಾಲದಲ್ಲಿ, "ನೆಟ್‌ವರ್ಕ್ ಇಲ್ಲ" ಅಂದರೆ ಯಾರು ತಾನೇ ಸುಳ್ಳು ಅಂದಾರು? ಅದೇ ಸಂಜೆ ಮಾವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ತುಂಬಿ ಹರಿಯುವ ಹಳ್ಳದ ವಿಡಿಯೋ ಮಾತ್ರ ಬಂದಿರುತ್ತದೆ.

ನಮ್ಮೂರ ಕಡೆ ಡೈವೋರ್ಸ್ ಆಗುವುದು ಎರಡು ಮನೆಗಳಿಗೆ. ಮಗು ಯಾರ ಜಗಲಿಯಲ್ಲಿ ಆಡುತ್ತದೋ ಅವರು ಗೆದ್ದ ಹಾಗೆ. ಮದುವೆ ಊಟದ ಪಂಕ್ತಿಯಲ್ಲೂ ಅದೇ ಮಾತು, "ಮಗೂನ ಬಿಟ್ಟುಕೊಡ್ಲಿಲ್ವಂತೆ, ಭೇಷ್." ಮಗುವಿಗೆ ಅಪ್ಪ ಬೇಕೋ ಬೇಡವೋ ಅಂತ ಕೇಳಿದವರನ್ನು ನಾನು ಕಾಣೆ.

ಇಂಗ್ಲೆಂಡೇನೂ ಸ್ವರ್ಗವಲ್ಲ, ಬಿಡಿ. ಅಲ್ಲೂ ಆದೇಶ ಮುರಿಯುವವರಿದ್ದಾರೆ. 2013ರಿಂದ ಇಂಥ ಕೇಸುಗಳಿಗೆ ಸರ್ಕಾರದ ಕಾನೂನು ನೆರವು ಬಹುಪಾಲು ನಿಂತುಹೋಗಿದೆ. ದುಡ್ಡಿಲ್ಲದವರು ತಾವೇ ನಿಂತು ವಾದಿಸಬೇಕು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

ಇನ್ನೊಂದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಭೇಟಿ ಕೋರ್ಟಿನೊಳಕ್ಕೆ ಬಂದಿದ್ದು ಸುಮ್ನೆ ಅಲ್ಲ. ಮೊದಲು ಮಗು ಮನೆಗೇ ಬರುತ್ತಿತ್ತು. ಒಂದು ದೀಪಾವಳಿಗೆ ಬಂದವಳನ್ನು ದೊಡ್ಡಮ್ಮ "ಗೋಪೂಜೆ ಮುಗಿಸ್ಕೊಂಡು ಹೋಗ್ಲಿ" ಅಂತ ಎರಡು ದಿನ ಜಾಸ್ತಿ ಇಟ್ಟುಕೊಂಡರು. ಫೋನೂ ಎತ್ತಲಿಲ್ಲ. ಆ ತಾಯಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದಳು. ಹಾಗಾದ ಮೇಲೆ ಯಾವ ತಾಯಿ ಧೈರ್ಯವಾಗಿ ಕಳಿಸುತ್ತಾಳೆ, ಅಲ್ವಾ? ಆದರೂ ಆ ಒಂದು ಗಂಟೆಯಲ್ಲಿ ಮಾವನಿಗೆ ಅಲ್ಲೇನು ಕೆಲಸ ಅನ್ನೋದು ನನಗಿನ್ನೂ ಅರ್ಥವಾಗಿಲ್ಲ.