ಬಣ್ಣದ ಕಪ್ಪೆ ಮುಟ್ಟಿದರೆ ಸಾವು ಖಚಿತವೇ? ಸತ್ಯಾಂಶ

ಉಷ್ಣವಲಯದ ಮಳೆಕಾಡಿನಲ್ಲಿ ಹಾವು, ಕಪ್ಪೆಗಳನ್ನು ಹುಡುಕುತ್ತಾ ಹೋದವರು ಕಣ್ಣುಕೋರೈಸುವ ಬಣ್ಣದ ಯಾವುದೇ ಕಪ್ಪೆಯನ್ನು ಮುಟ್ಟಿದರೂ ಕ್ಷಣದಲ್ಲೇ ಸಾಯುತ್ತಾರೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಕೆಲವೇ ಪ್ರಭೇದಗಳ ಗುಣವನ್ನು ಎಲ್ಲ ಕಪ್ಪೆಗಳ ಮೇಲೆ ಹೊರಿಸುವ ಮಾತು.

ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಕಾಡುಗಳಲ್ಲಿ ಮಾತ್ರ ವಾಸಿಸುವ, 1978ರಲ್ಲಿ ವಿಜ್ಞಾನಿಗಳು ಮೊದಲು ವಿವರಿಸಿದ ಫಿಲೊಬೇಟಿಸ್ ಟೆರಿಬಿಲಿಸ್ ಎಂಬ ಹೊಂಬಣ್ಣದ ಕಪ್ಪೆಯ ಚರ್ಮದಲ್ಲಿ, ನರಗಳನ್ನೂ ಹೃದಯವನ್ನೂ ಕೆಡಿಸಬಲ್ಲ ಬ್ಯಾಟ್ರಾಕೊಟಾಕ್ಸಿನ್ ಎಂಬ ಉಗ್ರ ವಿಷವಿರುವುದು ನಿಜ. ಅದನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಆದರೆ ಸೆರೆಯಲ್ಲಿ ಹುಟ್ಟಿ, ಬೇರೆ ಆಹಾರ ತಿಂದು ಬೆಳೆದ ಇದೇ ಪ್ರಭೇದದ ಕಪ್ಪೆಗಳಲ್ಲಿ ಆ ವಿಷ ಕಂಡುಬರುವುದಿಲ್ಲ. ಕಾಡಿನಲ್ಲಿ ಅವು ತಿನ್ನುವ ಪುಟ್ಟ ಜೀವಿಗಳೇ ಅದರ ಮೂಲವೆಂದು ಭಾವಿಸಲಾಗಿದೆ. ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆ ಅಷ್ಟು ವರ್ಣಮಯವಾಗಿದ್ದರೂ ಮನುಷ್ಯರಿಗೆ ಅಪಾಯಕಾರಿಯಲ್ಲ, ಆದರೆ ಮಂಕು ಕಂದುಬಣ್ಣದ ಕೇನ್ ಟೋಡ್ ಎಂಬ ನೆಲಗಪ್ಪೆ ವಿಷ ಸ್ರವಿಸುತ್ತದೆ.

ಮುಟ್ಟದಿರಲು ಇನ್ನೂ ಬಲವಾದ ಕಾರಣ ಕಪ್ಪೆಯ ಕ್ಷೇಮವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚರ್ಮದ ಮೂಲಕವೂ ಉಸಿರಾಡುವ ಈ ಜೀವಿಗೆ ನಮ್ಮ ಕೈಗೆ ಹಚ್ಚಿದ ಸೊಳ್ಳೆನಿವಾರಕ ಹಾನಿ ಮಾಡಬಲ್ಲದು. ಅನೇಕ ಕಪ್ಪೆ ಪ್ರಭೇದಗಳನ್ನು ಅಳಿವಿನಂಚಿಗೆ ತಂದ ಕೈಟ್ರಿಡ್ ಶಿಲೀಂಧ್ರವು ಒದ್ದೆ ಬೂಟುಗಳ ಕೆಸರಿನಲ್ಲಿ ತೊರೆಯಿಂದ ತೊರೆಗೆ ಸಾಗಬಲ್ಲದು. ಆದ್ದರಿಂದಲೇ ಜವಾಬ್ದಾರಿಯುತ ಶೋಧಕರು ರಾತ್ರಿ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ನೋಡಿ, ಚಿತ್ರ ತೆಗೆದು, ಇನ್ನೊಂದು ತೊರೆಗೆ ಇಳಿಯುವ ಮುನ್ನ ಬೂಟುಗಳನ್ನು ತೊಳೆದು ಸೋಂಕುನಿವಾರಕ ಹಚ್ಚುತ್ತಾರೆ.